ಸುಳ್ಳು ಸೊನ್ನೆ: ಪೆಟ್ಟಿಗೆ ಜೋಡಿಸಿ ದತ್ತಾಂಶ ತರುವವರಿಗೊಂದು ಎಚ್ಚರಿಕೆ

ಅಮ್ಮೀಟರಿನ ಮುಳ್ಳು ಸೊನ್ನೆಯಲ್ಲಿ ನಿಂತಿದೆ. ಮಂಡಲದಲ್ಲಿ ವಿದ್ಯುತ್ ಹರಿಯುತ್ತಿಲ್ಲವೇ ಅಥವಾ ಅಮ್ಮೀಟರಿನ ತಂತಿಯೇ ಕಳಚಿದೆಯೇ? ಈ ಪ್ರಶ್ನೆ ಕೇಳುವುದನ್ನು ನಾವು ಪ್ರಯೋಗಾಲಯದ ಮೊದಲ ವಾರದಲ್ಲೇ ಕಲಿಸುತ್ತೇವೆ. ಆದರೆ ಅದೇ ವಿದ್ಯಾರ್ಥಿಗಳು ಅಂತರಜಾಲದಿಂದ ದತ್ತಾಂಶ ತರಿಸಿಕೊಳ್ಳುವಾಗ ಈ ಪ್ರಶ್ನೆಯನ್ನು ಮರೆಯುತ್ತಾರೆ. ತಪ್ಪು ಅವರದು ಮಾತ್ರವಲ್ಲ, ಅವರು ಬಳಸುವ ಸಾಧನದ್ದೂ ಹೌದು.

ನೋಡ್-ರೆಡ್ ಎಂಬ ತಂತ್ರಾಂಶವನ್ನು ನಿಮ್ಮಲ್ಲಿ ಕೆಲವರಾದರೂ ಬಳಸಿರಬಹುದು. 2013ರಲ್ಲಿ ಐಬಿಎಂ ಸಂಸ್ಥೆಯ ನಿಕ್ ಓಲಿಯರಿ ಮತ್ತು ಡೇವ್ ಕಾನ್ವೇ-ಜೋನ್ಸ್ ರೂಪಿಸಿದ ಇದು ಉಚಿತ. ರಾಸ್ಪ್‌ಬೆರಿ ಪೈಯಂಥ ಪುಟ್ಟ ಗಣಕದಲ್ಲೂ ನಡೆಯುತ್ತದೆ. ಪರದೆಯ ಮೇಲೆ ಪೆಟ್ಟಿಗೆಗಳನ್ನು ಇಟ್ಟು ಗೆರೆಗಳಿಂದ ಜೋಡಿಸಿದರೆ ಸಾಕು, ಸಂದೇಶವು ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ. ಅವುಗಳಲ್ಲಿ ಒಂದು ಪೆಟ್ಟಿಗೆಯ ಕೆಲಸ, ನೀವು ಕೊಟ್ಟ ವಿಳಾಸಕ್ಕೆ ಎಚ್‌ಟಿಟಿಪಿ ಕೋರಿಕೆ ಕಳುಹಿಸಿ ಉತ್ತರ ತರುವುದು. ಪ್ರೋಗ್ರಾಮಿಂಗ್ ಬಾರದ ಅಧ್ಯಾಪಕರಿಗೆ ಇದು ದೊಡ್ಡ ಉಪಕಾರ. ದತ್ತಾಂಶದ ದಾರಿ ಕಣ್ಣಿಗೇ ಕಾಣುತ್ತದೆ. ಈ ಗುಣವನ್ನು ಮನಸಾರೆ ಮೆಚ್ಚಿಯೇ ಮುಂದಿನ ಟೀಕೆಯನ್ನು ಮಾಡುತ್ತಿದ್ದೇನೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ (ಯುಎಸ್‌ಜಿಎಸ್) ಜಗತ್ತಿನ ಭೂಕಂಪಗಳ ವಿವರಗಳನ್ನು ಎಪಿಐ ಮೂಲಕ ಯಾರಿಗೆ ಬೇಕಾದರೂ ಕೊಡುತ್ತದೆ. ಆರಂಭದ ದಿನ, ಕೊನೆಯ ದಿನ, ಕನಿಷ್ಠ ಪರಿಮಾಣ ಇಷ್ಟನ್ನು ವಿಳಾಸದಲ್ಲೇ ಸೇರಿಸಿ ಕೇಳಬಹುದು. ಆದರೆ ಒಂದು ಕೋರಿಕೆಗೆ 20,000 ಘಟನೆಗಳೇ ಮಿತಿ. ಕನಿಷ್ಠ ಪರಿಮಾಣ ನಮೂದಿಸದೆ ಇಡೀ ವರ್ಷದ ಭೂಕಂಪಗಳನ್ನು ಕೇಳಿದರೆ ಪಟ್ಟಿ ಬರುವುದಿಲ್ಲ. ಕೋರಿಕೆಯೇ ಸರಿಯಿಲ್ಲ ಎಂದು ಹೇಳುವ 400 ಎಂಬ ಸ್ಥಿತಿಸಂಖ್ಯೆ ಬರುತ್ತದೆ.

ಇನ್ನು ಚಿತ್ರದತ್ತ ನೋಡಿ. ನೋಡ್-ರೆಡ್‌ನಲ್ಲಿ ನೀವಾಗಿ ಬದಲಿಸದ ಹೊರತು, 200 ಬಂದರೂ 400 ಬಂದರೂ 404 ಬಂದರೂ ಉತ್ತರವು ಅದೇ ಗೆರೆಯ ಮೇಲೆ ಅದೇ ಮುಂದಿನ ಪೆಟ್ಟಿಗೆಗೆ ಹೋಗುತ್ತದೆ. ಸ್ಥಿತಿಸಂಖ್ಯೆ ಸಂದೇಶದ ಒಳಗಿರುತ್ತದೆ ನಿಜ, ಆದರೆ ಅದನ್ನು ತೆರೆದು ನೋಡುವವರು ಬೇಕಲ್ಲ! ಬದಿಯ ಡೀಬಗ್ ಪಟ್ಟಿಯಲ್ಲಿ ಎಚ್ಚರಿಕೆಯ ಸಾಲೊಂದು ಕಂಡರೂ ಕಾಣಬಹುದು. ಗೆರೆ ಮಾತ್ರ ಮೊದಲಿನಂತೆಯೇ ಇರುತ್ತದೆ. ಮುಂದಿನ ಪೆಟ್ಟಿಗೆಯನ್ನು, ಪಟ್ಟಿ ಸಿಗದಿದ್ದರೆ ಎಣಿಕೆ ಸೊನ್ನೆ ಎನ್ನುವಂತೆ ಬರೆದಿದ್ದರೆ ಮುಗಿಯಿತು. ಆ ವರ್ಷ ಭೂಮಿ ಒಮ್ಮೆಯೂ ಕಂಪಿಸಲಿಲ್ಲ ಎಂದು ನಕ್ಷೆ ಹೇಳುತ್ತದೆ! ಅಳೆದು ಸಿಕ್ಕ ಸೊನ್ನೆಗೂ ಅಳತೆಯೇ ಆಗದ ಸೊನ್ನೆಗೂ ವ್ಯತ್ಯಾಸ ಉಳಿಯಲಿಲ್ಲ. ಇದೇ ನನ್ನ ಮುಖ್ಯ ಆಕ್ಷೇಪ.

ಇದು ಇಂಥ ಸಾಧನಗಳಿಗೆ ಅನಿವಾರ್ಯವಾದ ದೋಷವೇ? ಅಲ್ಲ. ಬರ್ಲಿನ್‌ನಿಂದ 2019ರಲ್ಲಿ ಹೊರಬಂದ ಎನ್8ಎನ್ ಎಂಬ ಇದೇ ಬಗೆಯ ತಂತ್ರಾಂಶದಲ್ಲಿ, ಸ್ಥಿತಿಸಂಖ್ಯೆ 400 ಅಥವಾ 404 ಆದರೆ ಕೆಲಸ ಅಲ್ಲಿಯೇ ನಿಲ್ಲುತ್ತದೆ. ಮುಂದುವರಿಯಬೇಕಾದರೆ ನೀವೇ ಹಾಗೆಂದು ಗುರುತು ಹಾಕಬೇಕು. ಕಲಿಯುವವರಿಗೆ ಈ ಕ್ರಮವೇ ಮೇಲು.

ಎರಡನೆಯ ಆಕ್ಷೇಪ ಮಾನಗಳ ಬಗ್ಗೆ. ಗೆರೆಯ ಮೇಲೆ ಹರಿಯುವುದು ಬರೀ ಸಂಖ್ಯೆ. ಅದರ ಮಾನ ಯಾವುದೆಂದು ಗೆರೆ ಹೇಳುವುದಿಲ್ಲ. 2001ರ ಜನವರಿ 26ರ ಭುಜ್ ಭೂಕಂಪವನ್ನೇ ನೋಡಿ. ಅದರ ಸಮಯ 12 ಅಂಕಿಗಳ ಒಂದು ಸಂಖ್ಯೆಯಾಗಿ ಬರುತ್ತದೆ. ಅದು 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡುಗಳು, ಅದೂ ಯುಟಿಸಿ ಸಮಯದಲ್ಲಿ. ಐದೂವರೆ ಗಂಟೆ ಕೂಡಿಸಲು ಮರೆತರೆ, ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಸಂಭವಿಸಿದ ದುರಂತ ನಡುರಾತ್ರಿ ಕಳೆದ 3 ಗಂಟೆ 16 ನಿಮಿಷಕ್ಕೆ ಸರಿಯುತ್ತದೆ. ಸ್ಥಾನವನ್ನು ಕೊಡುವಾಗ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ, ಕೊನೆಗೆ ಕಿಲೋಮೀಟರ್‌ಗಳಲ್ಲಿ ಆಳ. ನಮ್ಮ ಭೂಗೋಳ ಪಾಠದ ರೂಢಿಯಂತೆ ಅಕ್ಷಾಂಶ ಮೊದಲೆಂದು ಓದಿದರೆ, ಸುಮಾರು 70.2 ಡಿಗ್ರಿ ಪೂರ್ವ, 23.4 ಡಿಗ್ರಿ ಉತ್ತರದಲ್ಲಿರುವ ಕಚ್ಛ್‌ನ ಭೂಕಂಪ ನಾರ್ವೆಯ ಉತ್ತರದಲ್ಲಿರುವ ಆಲ್ಟಾ ಪಟ್ಟಣದ ಆಸುಪಾಸಿಗೆ ಹೋಗಿಬಿಡುತ್ತದೆ! ಯಾವ ಪೆಟ್ಟಿಗೆಯೂ ಕೆಂಪಾಗುವುದಿಲ್ಲ.

ಹಾಗಾದರೆ ಈ ಸಾಧನವನ್ನು ತರಗತಿಯಿಂದ ಹೊರಗಿಡಬೇಕೇ? ಖಂಡಿತ ಬೇಡ. ಅಮ್ಮೀಟರ್ ಸುಳ್ಳು ಹೇಳಬಹುದೆಂದು ನಾವು ಅದನ್ನು ಬಿಸಾಡಿಲ್ಲ, ಪರೀಕ್ಷಿಸಿ ಬಳಸುತ್ತೇವೆ. ಇಲ್ಲೂ ಹಾಗೆಯೇ ಮಾಡಿ. ಒಂದು, ಕೋರಿಕೆಯ ಪೆಟ್ಟಿಗೆಯ ನಂತರ ಸ್ಥಿತಿಸಂಖ್ಯೆಯನ್ನು ನೋಡಿ ದಾರಿ ಬೇರ್ಪಡಿಸುವ ‘ಸ್ವಿಚ್’ ಪೆಟ್ಟಿಗೆ ಇಡಿ. ಅಥವಾ ವಿಫಲ ಉತ್ತರಗಳನ್ನು ‘ಕ್ಯಾಚ್’ ಪೆಟ್ಟಿಗೆಗೆ ಮಾತ್ರ ಕಳುಹಿಸುವ ಆಯ್ಕೆಗೆ ಗುರುತು ಹಾಕಿ. ಎರಡು, ಪಟ್ಟಿ ಕೇಳುವ ಮೊದಲು ಎಷ್ಟು ಘಟನೆಗಳಿವೆ ಎಂದಷ್ಟೇ ಕೇಳಿ. ಯುಎಸ್‌ಜಿಎಸ್ ಎಪಿಐಯಲ್ಲಿ ಆ ಸೌಲಭ್ಯವಿದೆ. ಮೂರು, ಹೊಸ ದತ್ತಾಂಶಕ್ಕೆ ಕೈಹಾಕುವ ಮುನ್ನ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಘಟನೆಯನ್ನು ತರಿಸಿ. ಭುಜ್ ಭೂಕಂಪ ಭುಜ್‌ನ ಸಮೀಪದಲ್ಲೇ, ಬೆಳಿಗ್ಗೆಯೇ ಕಾಣಿಸಿಕೊಂಡರೆ ನಿಮ್ಮ ಜೋಡಣೆಯನ್ನು ಅಷ್ಟರಮಟ್ಟಿಗೆ ನಂಬಬಹುದು.

ಉಪಕರಣವನ್ನು ಅಂಶಾಂಕನ ಮಾಡದೆ ಅಳತೆಯನ್ನು ದಾಖಲೆ ಪುಸ್ತಕದಲ್ಲಿ ಬರೆಯಲು ನೀವು ಬಿಡುವುದಿಲ್ಲ ತಾನೆ? ಗಣಕದ ಪರದೆಯೂ ಒಂದು ಉಪಕರಣವೇ. ಮುಂದಿನ ಬಾರಿ ವಿದ್ಯಾರ್ಥಿಯೊಬ್ಬಳು ಸೊಗಸಾದ ನಕ್ಷೆ ತಂದು ತೋರಿಸಿದಾಗ, ಈ ಸೊನ್ನೆ ಎಲ್ಲಿಂದ ಬಂತು ಎಂದು ಮೊದಲು ಕೇಳಿ.