ಹೆಸರಿಡುವ ಮಾತು: ಯೆಣೆಗೂರ ಭಾಗದ ಕನ್ನಡದಲ್ಲಿ ಪಿಚ್ಚರ್ ಮತ್ತು ಮಾಲಿಕೆಗಳ ಚರ್ಚೆ

ಗಡಿಭಾಗದ ಕನ್ನಡವನ್ನು ಕುರಿತ ಕ್ಷೇತ್ರಕಾರ್ಯದಲ್ಲಿ ಬಂಧುವಾಚಕಗಳು ಸಿಕ್ಕಿವೆ, ಒಕ್ಕಲುತನದ ಪದಗಳು ಸಿಕ್ಕಿವೆ, ಬೀಸುವ ಕಲ್ಲಿನ ಹಾಡು, ಒಗಟು, ಗಾದೆಗಳಂತೂ ಚೀಲಗಟ್ಟಲೆ ಸಿಕ್ಕಿವೆ. ಆದರೆ ಜನ ಒಬ್ಬರನ್ನೊಬ್ಬರು ಒಪ್ಪದೆ ವಾದಿಸುವಾಗ ಆಡುವ ಕನ್ನಡ ನಮ್ಮ ಸಂಗ್ರಹಗಳಲ್ಲಿ ಕಡಿಮೆ. ಒಂದು ನುಡಿ ಹಾಡಿನಲ್ಲಿ ಉಳಿದಿದೆ ಎಂದ ಮಾತ್ರಕ್ಕೆ ಅದು ಬದುಕಿದೆ ಎನ್ನಲು ಬರುವುದಿಲ್ಲ. ಹಾಡನ್ನು ಅರ್ಥ ತಿಳಿಯದೆಯೂ ಹಾಡಬಹುದು. ವಾದ ಹಾಗಲ್ಲ. "ನೀ ಹೇಳೂದು ಖರೆ ಅದ, ಆದ್ರ..." ಎಂದು ಶುರು ಮಾಡಿದವನು ಷರತ್ತು, ನಿಷೇಧ, ಹೋಲಿಕೆ, ಕಾರಣ ಎಲ್ಲವನ್ನೂ ತನ್ನ ನುಡಿಯೊಳಗಿಂದಲೇ ತೆಗೆಯಬೇಕಾಗುತ್ತದೆ. ತೆಗೆಯಲು ಬಾರದಿದ್ದರೆ ಇನ್ನೊಂದು ಭಾಷೆಗೆ ಹೋಗುತ್ತಾನೆ. ಈ ಹೋಗುವಿಕೆ ಎಲ್ಲಿ, ಯಾವಾಗ ಆಗುತ್ತದೆ ಎಂದು ನೋಡುವುದಕ್ಕೆ ಪಿಚ್ಚರ್ ಮತ್ತು ಟೀವಿ ಮಾಲಿಕೆಗಳ ಚರ್ಚೆಗಿಂತ ಒಳ್ಳೆಯ ಸಾಮಗ್ರಿ ನನಗೆ ಕಂಡಿಲ್ಲ. ಇದರಲ್ಲಿ ಎಲ್ಲರಿಗೂ ಅಭಿಪ್ರಾಯ ಇರುತ್ತದೆ. ಸಂಶೋಧಕ ಬಂದಿದ್ದಾನೆಂದು ಯಾರೂ ನಾಲಿಗೆ ತಿದ್ದಿಕೊಳ್ಳುವುದಿಲ್ಲ.

ಪ್ರದೇಶದ ಬಗ್ಗೆ ಎರಡು ಮಾತು. ಯೆಣೆಗೂರ ಸೋಲಾಪುರ-ಹೈದರಾಬಾದ ಹೆದ್ದಾರಿಯ ಮೇಲಿನ ಊರು, ಉಮರ್ಗಾ ತಾಲೂಕು. ಉಮರ್ಗಾ ಹೈದರಾಬಾದ ಸಂಸ್ಥಾನದಲ್ಲಿದ್ದಾಗಲೂ ಉಸ್ಮಾನಾಬಾದ, ಅಂದರೆ ಈಗಿನ ಧಾರಾಶಿವ ಜಿಲ್ಲೆಯದೇ. ನಿಲಂಗಾ ಮತ್ತು ಉದಗೀರ ಮಾತ್ರ 1956ರವರೆಗೆ ಬೀದರ ಜಿಲ್ಲೆಯ ತಾಲೂಕುಗಳು. ರಾಜ್ಯ ಪುನರ್ವಿಂಗಡಣೆಯಲ್ಲಿ ಉಸ್ಮಾನಾಬಾದಕ್ಕೆ ಹೋಗಿ, 1982ರಲ್ಲಿ ಲಾತೂರ ಜಿಲ್ಲೆಯಾದಾಗ ಅದರೊಳಗೆ ಸೇರಿದವು. ಶಾಲೆ ಬಹುಮಟ್ಟಿಗೆ ಮರಾಠಿ, ಕಚೇರಿ ಮರಾಠಿ, ಪೇಟೆಯಲ್ಲಿ ಮರಾಠಿ ಮತ್ತು ದಖನಿ, ಮನೆಯಲ್ಲಿ ಕನ್ನಡ. ಕನ್ನಡ ಲಿಪಿ ಓದಬಲ್ಲವರು ಹಳೆಯ ತಲೆಮಾರಿನಲ್ಲೂ ಎಲ್ಲರೂ ಅಲ್ಲ. 1994ರಲ್ಲಿ ಉದಯ ಟೀವಿ ಶುರುವಾದ ಮೇಲೆ ಡಿಶ್ ಮತ್ತು ಕೇಬಲ್ ಮೂಲಕ ಹೊರಗಿನ ಕನ್ನಡ ಈ ಮನೆಗಳಿಗೆ ದಿನಾಲೂ ಬರತೊಡಗಿತು. ಪರದೆಯ ಮೇಲೆ ಬರುವ ಹೆಸರುಗಳನ್ನು ಓದಲು ಬಾರದವರು ಕಿವಿಯಿಂದಲೇ ಕನ್ನಡ ಪಿಚ್ಚರ್ ನೋಡುತ್ತಾರೆ. ಕಿವಿ ಚುರುಕಾಗಿದ್ದರೆ ಆಶ್ಚರ್ಯವಿಲ್ಲ.

ಮೊದಲು ಶಬ್ದಗಳನ್ನು ನೋಡೋಣ. 'ವಿಮರ್ಶೆ' ಎಂಬ ಶಬ್ದ ಇಲ್ಲಿಯ ಮಾತಿನಲ್ಲಿ ಇಲ್ಲ. ಕಾಲೇಜು ಓದಿದ ಹುಡುಗರು 'ಸಮೀಕ್ಷಾ' ಅನ್ನುತ್ತಾರೆ, ಮರಾಠಿಯ ಅರ್ಥದಲ್ಲಿ. ಕನ್ನಡ ಪತ್ರಿಕೆ ಓದುವವನಿಗೆ ಸಮೀಕ್ಷೆ ಎಂದರೆ ಮನೆಮನೆ ತಿರುಗಿ ಲೆಕ್ಕ ತೆಗೆಯುವುದು. 'ನಿರ್ದೇಶನ' ಇಲ್ಲಿ 'ದಿಗ್ದರ್ಶನ'. 'ಭೂಮಿಕಾ' ಎಂದರೆ ಹಿನ್ನೆಲೆಯಲ್ಲ, ಪಾತ್ರ. 'ಸಂವಾದ' ಎಂದರೆ ಚರ್ಚೆಯಲ್ಲ, ಪಿಚ್ಚರಿನ ಮಾತುಗಳು. ಧಾರಾವಾಹಿ 'ಮಾಲಿಕಾ' ಅಥವಾ 'ಸೀರಿಯಲ್'. "ಅವಾ ಕೆಲ್ಸಾ ಛಲೋ ಮಾಡ್ಯಾನ" ಎಂದರೆ ನಟನೆ ಚೆನ್ನಾಗಿದೆ ಎಂದು. ಮರಾಠಿಯ 'ಕಾಮ' ಕನ್ನಡದ 'ಕೆಲಸ'ವಾಗಿದೆ, ಅರ್ಥ ಅಲ್ಲಿಯದೇ ಉಳಿದಿದೆ. ಶಬ್ದ ನಮ್ಮದು, ಬಳಕೆ ಅವರದು ಎನ್ನುವ ಇಂಥ ಅರ್ಥಸ್ವೀಕರಣ ಸಂಪರ್ಕ ಪ್ರದೇಶಗಳಲ್ಲಿ ಸಹಜ. ಅದರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ.

ಊರ ಜನರ ಸ್ವಂತ ಶಬ್ದ 'ಹೆಸರಿಡೂದು'. ದೋಷ ತೆಗೆಯುವುದು ಎಂದರ್ಥ. ಧಾರವಾಡ ಕಡೆಗೂ ಈ ಬಳಕೆ ಇದೆ, ಮರಾಠಿಯಲ್ಲಿಯೂ 'ನಾವ ಠೇವಣೆ' ಇದೇ ಕಟ್ಟಿನದು. ಯಾರು ಯಾರಿಂದ ಪಡೆದರೆಂದು ಈ ಎರಡು ರೂಪಗಳಿಂದಷ್ಟೇ ತೀರ್ಮಾನಿಸಲು ಬಾರದು. ನನಗೆ ಮುಖ್ಯವೆನಿಸಿದ್ದು ಬೇರೆ: ಇಲ್ಲಿ ಮೆಚ್ಚುಗೆಯ ಪರಮಾವಧಿಯೂ ಇದೇ ಕ್ರಿಯಾಪದದಿಂದ ಬರುತ್ತದೆ. "ಹೆಸರಿಡ್ಲಕ ಜಾಗಾ ಇಲ್ಲ" ಎಂದರೆ ಆ ಪಿಚ್ಚರಿಗೆ ಮೇಲೆ ಇನ್ನೊಂದಿಲ್ಲ. 'ಮಸ್ತ', 'ಭಾರಿ', 'ಛಲೋ' ಇವೆಲ್ಲ ಅದಕ್ಕಿಂತ ಕೆಳಗಿನವು. ಗುಣ ಹೇಳುವುದಕ್ಕೂ ದೋಷ ಹುಡುಕಿ ಸಿಗದೆ ಹೋಗುವುದೇ ದಾರಿ.

ಹಾಗಾದರೆ ಯಾವುದಕ್ಕೆ ಹೆಸರಿಡುತ್ತಾರೆ? ಕಥೆಗೆ, ಹೊಡೆದಾಟಕ್ಕೆ, ಹಾಡಿಗೆ ಇಡುತ್ತಾರೆ, ಅದು ಎಲ್ಲ ಕಡೆ ಇದ್ದದ್ದೇ. ಇಲ್ಲಿ ವಿಶೇಷವೆಂದರೆ ಮಾತಿಗೆ ಇಡುವುದು. 2020ರಲ್ಲಿ ಕಲರ್ಸ್ ಕನ್ನಡದಲ್ಲಿ 'ಗಿಣಿರಾಮ' ಶುರುವಾಯಿತು. ಉತ್ತರ ಕರ್ನಾಟಕದ ಹಿನ್ನೆಲೆ, ಅಲ್ಲಿಯ ಮಾತು. ಇದು 2019ರಿಂದ ಕಲರ್ಸ್ ಮರಾಠಿಯಲ್ಲಿ ಬರುತ್ತಿದ್ದ 'ಜೀವ ಝಾಲಾ ಯೇಡಾಪಿಸಾ'ದ ಕನ್ನಡ ರೂಪ. ನಮ್ಮ ಭಾಗದ ಮನೆಗಳಲ್ಲಿ ಎರಡನ್ನೂ ನೋಡಿದವರಿದ್ದಾರೆ: ಶಿವಾ-ಸಿದ್ಧಿ ಅಲ್ಲಿ, ಶಿವರಾಮ-ಮಹತಿ ಇಲ್ಲಿ. ಬೆಂಗಳೂರಿನ ಪ್ರೇಕ್ಷಕನಿಗೆ ಇಂಥ ಹೋಲಿಕೆ ಸುಲಭವಾಗಿ ಸಿಗುವುದಲ್ಲ. ಅದರ ಬಗ್ಗೆ ಒಬ್ಬ ನಡುವಯಸ್ಸಿನ ರೈತ ಹೇಳಿದ್ದು: "ಐತಿ ಐತಿ ಅಂತಾರ. ನಮ್ಮಲ್ಲಿ ಯಾರಂತಾರ ಐತಿ? ನಮ್ಮಲ್ಲಿ ಅದ ಅಂತಾರ. ಮಾಡಾಕತ್ತೀನಿ ಅಂತಾರ, ನಮ್ಮಲ್ಲಿ ಮಾಡ್ಲತ್ತೀನಿ." ನಾವು ನಕಾಶೆಯ ಮೇಲೆ ಗೆರೆ ಎಳೆದು ತೋರಿಸುವ ಭೇದವನ್ನು ಅವನು ಚಾ ಕುಡಿಯುತ್ತ ಹೇಳಿ ಮುಗಿಸಿದ. ಬೆಳಗಾವಿ, ಬಾಗಲಕೋಟ, ಧಾರವಾಡ ಕಡೆಯ 'ಐತಿ'ಯನ್ನು ಪರದೆ ಇಡೀ ಉತ್ತರ ಕರ್ನಾಟಕದ ಮುದ್ರೆಯಾಗಿ ಮಾಡಿಕೊಂಡಿದೆ. ಕಲಬುರಗಿ-ಬೀದರಗಳ 'ಅದ' ಅದರಲ್ಲಿ ಮುಳುಗಿಹೋಗುತ್ತದೆ.

ಅವನ ಎದುರಿಗೆ ಕೂತಿದ್ದ ಹಿರಿಯರು ಒಪ್ಪಲಿಲ್ಲ. "ಏ ತಮ್ಮಾ, ಬಸವಣ್ಣನ ಪಿಚ್ಚರ್ ನೋಡೀದಿ? ಕಲ್ಯಾಣ ನಮಗ ಮಗ್ಗಲದಾಗ ಅದ. ಅದರಾಗ ಯಾರರೆ ಅದ ಅಂತಾರೇನು? ಆವಾಗ ಯಾಕ ಹೆಸರಿಡ್ಲಿಲ್ಲ?" ಅವರು ಹೇಳಿದ್ದು 1959ರ 'ಜಗಜ್ಯೋತಿ ಬಸವೇಶ್ವರ'. ಹೊನ್ನಪ್ಪ ಭಾಗವತರ ಬಸವಣ್ಣ, ರಾಜಕುಮಾರರ ಬಿಜ್ಜಳ. ಇದಕ್ಕೆ ರೈತ ಕೊಟ್ಟ ಉತ್ತರ ಒಂದೇ ಸಾಲು: "ಕಾಕಾ, ಅದು ನಾಟಕದ ಮಾತು." ಈ ಉತ್ತರ ಸರಿಯಾದದ್ದು, ನಮ್ಮ ಚಿತ್ರ ವಿಮರ್ಶಕರೂ ಗಮನಿಸಬೇಕಾದದ್ದು. ಕಂಪನಿ ನಾಟಕದಿಂದ ಬಂದ ಎತ್ತರದ ಕನ್ನಡ ಯಾವ ಊರಿನದೂ ಅಲ್ಲ, ಆದ್ದರಿಂದ ಯಾವ ಊರಿಗೂ ಅದರ ಮೇಲೆ ತಕರಾರಿಲ್ಲ. ರಾಜಕುಮಾರರು ಆ ರಂಗಭೂಮಿಯಿಂದಲೇ ಬಂದವರು, ಅವರ ಕನ್ನಡವನ್ನು ಯೆಣೆಗೂರು ಕೂಡ ತನ್ನದೆಂದೇ ಕೇಳಿತು. ತಕರಾರು ಏಳುವುದು "ಇದು ನಿಮ್ಮ ಊರ ಮಾತು" ಎಂದು ಪರದೆ ಹೇಳಿಕೊಂಡಾಗ. ಹೇಳಿಕೊಂಡ ಮೇಲೆ ಲೆಕ್ಕ ಕೊಡಬೇಕು.

ಆದರೂ ಈ ಕಿವಿಯ ವಿಮರ್ಶೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. 'ಐತಿ' ತೆಗೆದು 'ಅದ' ಹಾಕುವುದು ಒಂದು ದಿನದ ಕೆಲಸ. ಹಾಕಿದರೂ ಅದನ್ನು ಯಾರ ಬಾಯಲ್ಲಿ ಹಾಕುತ್ತಾರೆ ಎಂಬ ಪ್ರಶ್ನೆ ಉಳಿಯುತ್ತದೆ. ವೈಜನಾಥ ಬಿರಾದಾರರನ್ನು ತೆಗೆದುಕೊಳ್ಳಿ. ಬೀದರ ಜಿಲ್ಲೆಯವರು, ಉದಗೀರದವರ ಪಾಲಿಗೆ ನೆರೆಯವರೇ. ನೂರಾರು ಪಿಚ್ಚರುಗಳಲ್ಲಿ ಭಿಕ್ಷುಕ, ಕುಡುಕ, ಪೆದ್ದ. ಜನ ಅವರ ಮಾತಿಗೆ ನಗುತ್ತಾರೆ, ನಮ್ಮವರೂ ನಗುತ್ತಾರೆ. ಅವರು 500ನೆಯ ಚಿತ್ರವೆಂದು ನಾಯಕನಾಗಿ ಕಾಣಿಸಿಕೊಂಡ 2023ರ '90 ಬಿಡಿ ಮನೀಗ್ ನಡಿ'ಯಲ್ಲಿ ಆಡುನುಡಿ ಪೋಸ್ಟರಿನ ಮೇಲೇ ಬಂತು, ಆದರೆ ಬಾಟಲಿಯ ಜತೆಗೇ ಬಂತು. ಗಡಿಯ ಆಚೆಗೂ ಇದೇ ಕತೆ. ಮರಾಠಿಯಲ್ಲಿ ಮಕರಂದ ಅನಾಸಪುರೆ ಅವರ ಮರಾಠವಾಡಾ ಮಾತು ನಗೆಯ ಬಂಡವಾಳ. ಅವರು ನುರಿತ ನಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಮರ್ಗಾದ ಹುಡುಗನ ಸ್ಥಿತಿ ನೋಡಿ: ಅವನ ಮನೆಯ ಕನ್ನಡ ಬೆಂಗಳೂರಿಗೆ ನಗೆ, ಅವನ ಪೇಟೆಯ ಮರಾಠಿ ಪುಣೆ-ಮುಂಬಯಿಗೆ ನಗೆ. ಎರಡು ಭಾಷೆ ಬಂದರೂ ಗಂಭೀರವಾಗಿ ಆಡಲು ಒಂದೂ ಇಲ್ಲ ಎನ್ನುವ ಹಾಗೆ.

ಬಿರಾದಾರರು ನಗಿಸದೆ ಇದೇ ಮಾತನ್ನು ಆಡಿದ ಚಿತ್ರವೂ ಇದೆ. ಗಿರೀಶ ಕಾಸರವಳ್ಳಿಯವರ 'ಕನಸೆಂಬೋ ಕುದುರೆಯನೇರಿ', ಅಮರೇಶ ನುಗಡೋಣಿಯವರ 'ಸವಾರಿ' ಕತೆ ಆಧರಿಸಿದ್ದು. ಅದರಲ್ಲಿ ಅವರು ಹೆಣ ಹೂಳುವ ಇರ್ಯಾ. ಮ್ಯಾಡ್ರಿಡ್‌ನ ಇಮ್ಯಾಜಿನ್ ಇಂಡಿಯಾ ಉತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ನಾನು ಮಾತಾಡಿಸಿದವರಲ್ಲಿ ಈ ಪಿಚ್ಚರ್ ನೋಡಿದವರು ಒಬ್ಬರೂ ಸಿಗಲಿಲ್ಲ. ಸ್ಪೇನಿಗೆ ಮುಟ್ಟಿದ್ದು ಉದಗೀರಕ್ಕೆ ಮುಟ್ಟಲಿಲ್ಲ.

ಮರಾಠಿಯಲ್ಲಿ ಈ ಗಂಟನ್ನು ಬಿಚ್ಚಿದವರು ನಾಗರಾಜ ಮಂಜುಳೆ. 2016ರ 'ಸೈರಾಟ'ದಲ್ಲಿ ಸೋಲಾಪುರ ಜಿಲ್ಲೆಯ ಕರಮಾಳಾ ಕಡೆಯ ಮಾತಿದೆ, ಆ ಮಾತಾಡುವ ಹುಡುಗಿ ಬುಲೆಟ್ ಓಡಿಸುತ್ತಾಳೆ, ಅವಳ ಮಾತಿಗೆ ಯಾರೂ ನಗುವುದಿಲ್ಲ. ಅದೇ ರಿಂಕು ರಾಜಗುರು 2017ರಲ್ಲಿ ಎಸ್. ನಾರಾಯಣ ಅವರ ಕನ್ನಡ ರೂಪ 'ಮನಸು ಮಲ್ಲಿಗೆ'ಯಲ್ಲಿಯೂ ನಟಿಸಿದರು. ಎರಡನ್ನೂ ನೋಡಿದ ನಮ್ಮ ಹುಡುಗರ ತೀರ್ಪು ನಿರ್ದಯವಾದದ್ದು: "ಹುಡುಗಿ ಅಕೀನೇ, ಊರ ಅದಲ್ಲ." ಈ ತೀರ್ಪು ನನಗೆ ಒಪ್ಪಿಗೆ. ಕಥೆ ದಾಟಿ ಬಂತು, ನಟಿ ದಾಟಿ ಬಂದಳು. ಮಾತು ನಿಂತ ನೆಲ ದಾಟಿ ಬರಲಿಲ್ಲ.

ಆದರೆ ನಮ್ಮ ಅಧ್ಯಯನಕ್ಕೆ 'ಸೈರಾಟ'ಕ್ಕಿಂತ 2013ರ 'ಫಂಡ್ರಿ' ಹತ್ತಿರದ್ದು. ಹೆಸರೇ ಕೈಕಾಡಿ ಭಾಷೆಯದು, ಹಂದಿ ಎಂದರ್ಥ. ಕೈಕಾಡಿ ದ್ರಾವಿಡ ನುಡಿ. ತಮಿಳಿನ 'ಪನ್ಱಿ', ಹಳಗನ್ನಡದ 'ಪಂದಿ', ನಮ್ಮ 'ಹಂದಿ' ಎಲ್ಲ ಒಂದೇ ಬಳ್ಳಿಯವು. ಇದನ್ನು ಹೇಳಿದಾಗ ಮೇಲಿನ ಹಿರಿಯರೇ "ಹಂಗಾದ್ರ ಅದು ನಮ್ಮ ಹಂದೀನೇ ಆಯ್ತಲ್ಲ" ಎಂದು ಬಹಳ ಹೊತ್ತು ಆ ಶಬ್ದವನ್ನು ಬಾಯಲ್ಲಿ ತಿರುವಿದರು. ಮರಾಠಿ ಚಿತ್ರವೊಂದು ತನ್ನ ನೆತ್ತಿಯ ಮೇಲೆ ಮರಾಠಿಯಲ್ಲದ ಮನೆಮಾತಿನ ಶಬ್ದವನ್ನು ಹೊತ್ತುಕೊಂಡಿತು. ಮನೆಯಲ್ಲಿ ಒಂದು ನುಡಿ, ಹೊರಗೆ ಇನ್ನೊಂದು. ಶಾಲೆಗೆ ಹೋಗುವ ಹುಡುಗನಿಗೆ ಮನೆಯ ಕೆಲಸವೇ ನಾಚಿಕೆ. ಜಾತಿಯ ಕ್ರೌರ್ಯದಲ್ಲಿ ನಮ್ಮ ಸ್ಥಿತಿಗೂ ಅದಕ್ಕೂ ಹೋಲಿಕೆ ಇಲ್ಲ, ಅದನ್ನು ಮರೆತು ಮಾತಾಡಬಾರದು. ಆದರೆ ಮನೆಮಾತು ಮತ್ತು ಹೊರಮಾತಿನ ನಡುವೆ ಮುಖ ತಿರುಗಿಸುವ ಆ ರೀತಿ ಯೆಣೆಗೂರಿನ ಹುಡುಗರಿಗೆ ಗುರುತು ಸಿಕ್ಕಿತು. ಕನ್ನಡದ ಯಾವ ಪಿಚ್ಚರಿನಲ್ಲಿಯೂ ಒಂದೇ ವಾಕ್ಯದೊಳಗೆ ಕನ್ನಡ, ಮರಾಠಿ, ದಖನಿ ಹಾಯ್ದು ಬರುವ ನಮ್ಮ ಮಾತನ್ನು ನಾನು ಕೇಳಿಲ್ಲ. ನನ್ನ ಮಟ್ಟಿಗೆ ನಿಜವಾದ ದೋಷ ಇದು, 'ಐತಿ' ಅಲ್ಲ.

2022ರ 'ಕಾಂತಾರ' ಈ ವಾದಕ್ಕೆ ಹೊಸ ಮೇವು ಹಾಕಿತು. ಹೈದರಾಬಾದಿನಲ್ಲಿ ಓದುತ್ತಿದ್ದ ಹುಡುಗನೊಬ್ಬ ಕೇಳಿದ: "ಸಮುದ್ರದ ಕಡಿ ಮಾತು ಎಲ್ಲಾರಿಗಿ ನಡೀತದ ಅಂದ್ರ ನಮ್ಮದ್ಯಾಕ ನಡೀಲಿಕ್ಕಿಲ್ಲ?" ಗೆಳೆಯ ಬಿಡಲಿಲ್ಲ: "ನೀ ಎಲ್ಲಿ ಕನ್ನಡದಾಗ ನೋಡೀದಿ? ಹಿಂದಿದಾಗ ನೋಡೀದಿ." ಇಲ್ಲಿಯವರೆಗೆ ಕನ್ನಡ. ಮುಂದೆ ಛಾಯಾಗ್ರಹಣ, ಸಂಕಲನ, ಖರ್ಚು-ಗಳಿಕೆ ಬಂದ ಕೂಡಲೇ 'ಆದ್ರ' ಹೋಗಿ 'ಪಣ' ಬಂತು, ನಾಲ್ಕು ವಾಕ್ಯದಲ್ಲಿ ಇಬ್ಬರೂ ಪೂರ್ತಿ ಮರಾಠಿಯಲ್ಲಿದ್ದರು. ಗಂಡಸರ ಚರ್ಚೆಯಲ್ಲಿ ಇದನ್ನು ಮತ್ತೆ ಮತ್ತೆ ಕಂಡೆ. ಮೊದಲು ಜಾರುವುದು ನಾಮಪದವಲ್ಲ, ಸಂಯೋಜಕ ಅವ್ಯಯ. ನಾಮಪದ ಎರವಲು ಬಂದರೂ ವಾಕ್ಯ ಕನ್ನಡವಾಗಿ ನಿಲ್ಲುತ್ತದೆ. 'ಪಣ' ಬಂದರೆ ಮುಂದಿನ ವಾಕ್ಯಕ್ಕೆ ಬಾಗಿಲು ತೆರೆದ ಹಾಗೆ.

ಹೆಂಗಸರ ಚರ್ಚೆ ಹೀಗೆ ಜಾರುವುದಿಲ್ಲ. ತೊಗರಿ ಹಸನ ಮಾಡುತ್ತ ಮೂವರು 'ಗಿಣಿರಾಮ'ಕ್ಕೆ ಹೆಸರಿಡುತ್ತಿದ್ದರು, 'ಐತಿ'ಯ ಗೊಡವೆಯೇ ಅವರಿಗಿರಲಿಲ್ಲ. ಹಿರಿಯಾಕೆ: "ಅವಾ ಗೂಂಡಾಗಿರಿ ಮಾಡ್ಕೋತ ತಿರುಗ್ಯಾನ, ಅಕಿಗಿ ಮನಸಿಲ್ಲದ ಮದಿ ಆಗ್ಯದ. ಈಗ ಅವಾ ಛಂದ ಮಾತಾಡ್ದ ಅಂತ ಎಲ್ಲಾ ಮರೀಬೇಕೇನು?" ಕಿರಿಯಾಕೆ: "ಅಲ್ಲ ಕಾಕು, ಮರೀದಿದ್ರ ಮಾಲಿಕಾ ಮುಂದ ಹ್ಯಾಂಗ ನಡೀತದ?" ಮೂರನೆಯಾಕೆ: "ನಡೀದಿದ್ರ ನಿಲ್ಲಲಿ. ಅಕಿ ತವರಮನಿಗಿ ಹೋಗ್ಲಿ." ಕಥೆಗೆ ಇದಕ್ಕಿಂತ ಗಟ್ಟಿಯಾದ ವಿಮರ್ಶೆ ನಾನು ಓದಿಲ್ಲ. ಮಾಲಿಕೆಯ ಅಗತ್ಯ ಬೇರೆ, ಹೆಣ್ಣಿನ ನ್ಯಾಯ ಬೇರೆ ಎಂಬ ಭೇದ ಇದರಲ್ಲಿದೆ. ಭಾಷೆಯ ಕಡೆಯಿಂದ ನೋಡಿದರೆ ನಿಷೇಧದ ಷರತ್ತು ('ಮರೀದಿದ್ರ', 'ನಡೀದಿದ್ರ'), ಒಪ್ಪದೆ ಆರಂಭಿಸುವ 'ಅಲ್ಲ', ಕಾರಣದ 'ಅಂತ', ವಿಧ್ಯರ್ಥದ 'ನಿಲ್ಲಲಿ', 'ಹೋಗ್ಲಿ' ಎಲ್ಲವೂ ಕನ್ನಡದ್ದೇ. ಸಂಸಾರದ ತಕರಾರಿಗೆ ಬೇಕಾದ ವ್ಯಾಕರಣ ಈ ಅಂಗಳದಲ್ಲಿ ಇಡಿಯಾಗಿದೆ. ಮುಂದಿನ ಕ್ಷೇತ್ರಕಾರ್ಯದವರು ಹಾಡು ಹಾಡಿರೆಂದು ಇವರನ್ನು ಕೇಳುವ ಮೊದಲು ನಿನ್ನೆಯ ಸೀರಿಯಲ್ ಹೇಗಿತ್ತೆಂದು ಕೇಳಬೇಕು.

ಆ ಕಿರಿಯಾಕೆ ಲಾತೂರ ಕಡೆಯಿಂದ ಮದುವೆಯಾಗಿ ಬಂದವಳು, ತವರಿನಲ್ಲಿ ಮರಾಠಿ. ಕನ್ನಡ ಕಲಿತದ್ದು ಇಲ್ಲಿ, ಈ ಮಾತುಗಳೊಳಗೆ. ಅವಳ ಮಾತಿನಲ್ಲಿ 'ಪಣ' ಸಿಗುತ್ತದೆಯೇ ಎಂದು ಕಾದೆ; ಅರ್ಧ ತಾಸಿನಲ್ಲಿ ಎರಡೇ ಸಲ ಬಂತು, ಎರಡೂ ಸಲ ಹಿರಿಯಾಕೆ 'ಆದ್ರ' ಎಂದೇ ಉತ್ತರ ಕೊಟ್ಟಳು.