ಕೇಳಿಯೂ ಕೇಳದ ಸ್ವಗತ

ವನಗೂರಿನಿಂದ ಬಿಸಿಲೆ ಘಾಟಿ ಇಳಿದರೆ ಸುಬ್ರಹ್ಮಣ್ಯ. ಅಲ್ಲಿಂದ ಕಾಸರಗೋಡಿನವರೆಗೂ ತಾಳಮದ್ದಳೆಯ ಸೀಮೆ. ಯಕ್ಷಗಾನದ್ದೇ ರೂಪ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಪಂಚೆ ಉಟ್ಟು ಶಾಲು ಹೊದ್ದು ಕೂತ ಅರ್ಥಧಾರಿ ಅಲ್ಲೇ ಮಾತು ಕಟ್ಟಿ ಕರ್ಣನೋ ವಾಲಿಯೋ ಆಗುತ್ತಾನೆ. ಪದ್ಯ ಕವಿಯದು, ಮಾತೆಲ್ಲ ಅವನದು.

ಇದರಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಸ್ವಗತ. ಕರ್ಣಭೇದನ ಪ್ರಸಂಗವನ್ನೇ ನೋಡಿ. ನೀನು ಕುಂತಿಯ ಮಗ ಎಂದು ಕೃಷ್ಣ ಹೇಳಿಬಿಟ್ಟ. ಒಳ್ಳೆಯ ಅರ್ಥಧಾರಿ ಕೂಡಲೇ ಉತ್ತರ ಕೊಡುವುದಿಲ್ಲ. ದನಿ ತಗ್ಗುತ್ತದೆ, ನೋಟ ಕೃಷ್ಣನಿಂದ ಸರಿಯುತ್ತದೆ. ಸೂತಪುತ್ರನೆಂದು ಉಂಡ ಅವಮಾನ, ರಾಧೆಯ ಮಡಿಲು, ಕೊಲ್ಲಲು ಹೊರಟ ತಮ್ಮಂದಿರು, ಕೌರವನ ಋಣ ಒಂದೊಂದಾಗಿ ಹೊರಬರುತ್ತವೆ. ಆಮೇಲೆ ಕತ್ತೆತ್ತಿ ಕೃಷ್ಣನಿಗೆ ಹೇಳುವುದು ಎರಡೇ ಮಾತು. ಒಳಗೆ ಕುದಿದದ್ದಕ್ಕೂ ಹೊರಗೆ ಆಡಿದ್ದಕ್ಕೂ ನಡುವಿನ ಅಂತರದಲ್ಲೇ ಕರ್ಣ ಇದ್ದಾನೆ.

ಎದುರು ಕೂತವನ ಸಂಯಮವೂ ದೊಡ್ಡದು. ಎಲ್ಲ ಕಿವಿಗೆ ಬಿದ್ದಿದ್ದರೂ ಅದನ್ನು ಹಿಡಿದು ಅವನು ವಾದಿಸುವಂತಿಲ್ಲ. ಕೃಷ್ಣ ಸರ್ವಜ್ಞ, ನಿಜ. ಆದರೂ ಸ್ವಗತ ಸಭೆಯ ಪಾಲು. ಫೋನಿನಲ್ಲಿ ಬರೆದು ಪಾತ್ರವಾಡುವ ಇಂದಿನ ಆಟಗಳಲ್ಲೂ ಇದೇ ಮರ್ಯಾದೆ ಬೇಕು: ಪಾತ್ರದ ಮನಸ್ಸು ಓದುವವರಿಗೆ ತಿಳಿಯಲಿ, ಎದುರಿನ ಪಾತ್ರಕ್ಕಲ್ಲ.

ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಜರಾಸಂಧರಿಗೆ ಕೊಟ್ಟ ಮನಸ್ಸು ಪದ್ಯದ ಅಳತೆಯನ್ನು ಎಷ್ಟೋ ಮೀರಿದ್ದು. ಖಳರೆಂದು ಬದಿಗಿಟ್ಟವರು ಅವರ ಬಾಯಲ್ಲಿ ಯೋಚಿಸುವ ಮನುಷ್ಯರಾದರು. ಅವರ ಅರ್ಥಗಾರಿಕೆಯ ಧ್ವನಿಮುದ್ರಣಗಳು ಇಂದಿಗೂ ಸಿಗುತ್ತವೆ, ವಾಲಿಯಿಂದ ಶುರುಮಾಡಿ.