ಹಾಲಿನ ಮರಕ್ಕೆ ಕಟ್ಟಿದ ಮಾಸು

ಗುಂಡ್ಲುಪೇಟೆಯಿಂದ ಹಂಗಳದ ಕಡೆ ಹೋಗುವಾಗ ಆಲದ ಕೊಂಬೆಯಲ್ಲಿ ಹುಲ್ಲಿನ ಗಂಟೊಂದು ನೇತಾಡುತ್ತಿದ್ದರೆ ನನಗೆ ಮುಂದೆ ಹೋಗಲು ಮನಸ್ಸಾಗದು. ಅದರೊಳಗಿರುವುದು ಈದ ಹಸುವಿನ ಮಾಸು. ಹಾಲು ಸುರಿಸುವ ಮರಕ್ಕೆ ಕಟ್ಟಿದರೆ ಹಸುವಿಗೂ ಹಾಲಿಳಿಯುತ್ತದೆ ಎಂಬುದು ನಂಬಿಕೆ. ಕರು ತಡವರಿಸಿ ಎದ್ದು ನಿಂತ ಮೇಲೂ ಹಿರಿಯರ ಆತಂಕ ಒಂದೇ: "ಮಾಸು ಬಿತ್ತಾವ್ವ?"

ಗಂಟು ಕಟ್ಟುವ ಮುಂಚೆ ಅದನ್ನೊಮ್ಮೆ ನೋಡಬೇಕು. ತೆಳ್ಳನೆಯ ಪೊರೆ, ಅದರ ತುಂಬ ಕಡುಗೆಂಪು ಗುಂಡಿಗಳು, ನೂರರ ಆಸುಪಾಸು. ಒಂದೊಂದೂ ಗರ್ಭಕೋಶದ ಗೋಡೆಗೆ ಕಚ್ಚಿಕೊಂಡು, ಸುಮಾರು 280 ದಿನ ಕರುವಿಗೆ ಉಸಿರನ್ನೂ ಅನ್ನವನ್ನೂ ದಾಟಿಸಿದೆ. ಅಷ್ಟು ದಿನವೂ ತಾಯಿಯ ರಕ್ತ ಕರುವಿನ ರಕ್ತದೊಡನೆ ಬೆರೆತಿಲ್ಲ!

ಹೊಟ್ಟೆಚೀಲದ ಕಾಂಗರೂವಿಗೂ ಮಾಸು ಉಂಟು, ಆದರೆ ಅದು ನಾಲ್ಕು ದಿನದ ನೆಂಟ. ಕೆಂಪು ಕಾಂಗರೂ 33 ದಿನಕ್ಕೇ ಮರಿ ಹಾಕುತ್ತದೆ. ಮರಿ ಒಂದು ಗ್ರಾಂ ಕೂಡ ತೂಗದು. ಕಣ್ಣು ಬಿಟ್ಟಿಲ್ಲ, ಹಿಂಗಾಲು ಇನ್ನೂ ಮೊಗ್ಗು, ಗಟ್ಟಿಯಾಗಿರುವುದು ಮುಂಗಾಲು ಮಾತ್ರ. ಅದರಿಂದಲೇ ತಾಯಿಯ ರೋಮ ಹಿಡಿದು ಹತ್ತುತ್ತದೆ, ತಾಯಿ ಎತ್ತಿಕೊಳ್ಳುವುದಿಲ್ಲ. ಚೀಲ ಸೇರಿ ತೊಟ್ಟಿಗೆ ಬಾಯಿಟ್ಟರೆ ತೊಟ್ಟು ಬಾಯೊಳಗೇ ಉಬ್ಬಿ, ಮರಿ ಕಳಚದಂತೆ ಹಿಡಿದುಕೊಳ್ಳುತ್ತದೆ. ಇಲ್ಲಿ ಮಾಸು ಮಾಡುವ ಕೆಲಸವನ್ನೆಲ್ಲ ಅಲ್ಲಿ ಹಾಲು ಮಾಡುತ್ತದೆ. ಪಕ್ಕದ ತೊಟ್ಟಿನಲ್ಲಿ ಚೀಲದಾಚೆಗೆ ಓಡಾಡುವ ಅಣ್ಣನಿಗೆ ಬೇರೆಯೇ ಗಟ್ಟಿಹಾಲು. ಒಂದೇ ಮನೆ, ಎರಡು ಅಡುಗೆ.

ಇದನ್ನು ಅರೆಬೆಂದ ಪದ್ಧತಿ ಎನ್ನುವವರಿದ್ದಾರೆ. ನನಗೆ ಹಾಗನ್ನಿಸದು. ಬರ ಬಿದ್ದರೆ ಕಾಂಗರೂ ಆ ಒಂದು ಗ್ರಾಮಿನ ಆಸೆ ಬಿಟ್ಟು ತಾನು ಬದುಕಿಕೊಳ್ಳಬಹುದು. ಬಂಡೀಪುರದ ಆನೆಗೆ ಆ ಸಲೀಸಿಲ್ಲ. ಬೇಸಗೆಯಲ್ಲಿ ಕೆರೆಕಟ್ಟೆ ಒಣಗಿದರೂ ಬಸಿರು ಹೊತ್ತೇ ನೀರು ಹುಡುಕಬೇಕು, ಸುಮಾರು 22 ತಿಂಗಳು. ಬದಲಿಗೆ ಸಿಗುವುದು ನೂರು ಕಿಲೋದ ಮರಿ, ಹುಟ್ಟಿದ ಸ್ವಲ್ಪ ಹೊತ್ತಿಗೇ ಹಿಂಡಿನ ಕಾಲುಗಳ ನಡುವೆ ಹೆಜ್ಜೆ ಹಾಕುವಂಥದ್ದು.

ಹಾಗೆಂದು ನಮ್ಮ ಹಸುವಿನ ಮಾಸು ಎಲ್ಲವನ್ನೂ ಮುಗಿಸಿ ಬೀಳುತ್ತದೆಯೇ? ಇಲ್ಲ. ರೋಗ ತಡೆಯುವ ಶಕ್ತಿಯನ್ನು ಅದು ಕರುವಿಗೆ ದಾಟಿಸಲಾರದು. ಅದು ಬರುವುದು ಗಿಣ್ಣುಹಾಲಿನಲ್ಲಿ, ಅದೂ ಮೊದಲ ಕೆಲವು ಗಂಟೆಗಳಲ್ಲಿ ಕುಡಿದರೆ. ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಬೇಯಿಸುವ ದಿನ ನಮ್ಮಜ್ಜಿ, ಕರು ಹೊಟ್ಟೆ ತುಂಬ ಕುಡಿದಿದೆಯೇ ಎಂದು ಕೊಟ್ಟಿಗೆಗೆ ಹೋಗಿ ನೋಡಿ ಬಂದ ಮೇಲೇ ಒಲೆ ಹಚ್ಚುತ್ತಿದ್ದಳು.